ರೈಸ್ ಸಾಹೇಬರ ಗಡಿ

ಕೊಳ್ಳೇಗಾಲ ಸೀಮೆಯ ಧನಗೆರೆಯಿಂದ ಮಳವಳ್ಳಿ, ಕನಕಪುರ ದಾಟಿ ಬೆಂಗಳೂರಿಗೆ ಬರುವ ನಮ್ಮಂಥವರಿಗೆ ಅವೆನ್ಯೂ ರಸ್ತೆಯೆಂದರೆ ಹಳೇ ಪುಸ್ತಕ, ಚೌಕಾಸಿ, ತಳ್ಳುಗಾಡಿ. ತಲೆ ಎತ್ತಿ ನೋಡುವ ರಸ್ತೆಯಲ್ಲ ಅದು. ಒಮ್ಮೆ ಎತ್ತಿದೆ. ಅಂಗಡಿಗಳ ನಡುವೆ ದಪ್ಪ ಕಂಬಗಳು, ಅವುಗಳ ನೆತ್ತಿಯ ಮೇಲೆ ತ್ರಿಕೋನ. ಗ್ರೀಕರ ಗುಡಿಯೊಂದು ದಾರಿ ತಪ್ಪಿ ದೊಡ್ಡಪೇಟೆಗೆ ಬಂದು ನಿಂತ ಹಾಗೆ. ರೈಸ್ ಸ್ಮಾರಕ ದೇವಾಲಯ, ಅಂದರೆ ಚರ್ಚು.

ಜೊತೆಗಿದ್ದ ಚಿಕ್ಕಪ್ಪ ಬೋರ್ಡು ಓದಿ, "ಯಾರೋ ರೈಸ್ ಮಿಲ್ ಸಾವ್ಕಾರ್ರು ಕಟ್ಸವ್ರೆ ಕನಾ. ನಮ್ ಕೊಳ್ಳೇಗಾಲ್ದೋರೇ ಇದ್ದಾರು" ಅಂದರು.

ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಕನ್ನಡ ಕಲಿತು, ಶಾಲೆ ತೆರೆದು, ಮಕ್ಕಳಿಗೆ ಪಾಠಪುಸ್ತಕ ಬರೆದವರು. 1887ರಲ್ಲಿ ತೀರಿಕೊಂಡರು. ಈಗಿನ ಕಟ್ಟಡ 1917ರದ್ದು. ಅದಕ್ಕೂ ಮುಂಚೆ ಇಲ್ಲಿದ್ದುದನ್ನು ಕನ್ನಡ ಚಾಪೆಲ್ ಎನ್ನುತ್ತಿದ್ದರಂತೆ. ಆ ಹೆಸರನ್ನೇ ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು ಅನಿಸುತ್ತದೆ ನನಗೆ. ಚಿಕ್ಕಪ್ಪನ ಗೊಂದಲವೂ ತಪ್ಪುತ್ತಿತ್ತು.

ಕಂಟೋನ್ಮೆಂಟಿನ ಚರ್ಚುಗಳು ಹುಲ್ಲುಹಾಸು, ಮರಗಳ ನಡುವೆ ದೂರ ಕೂತಿರುತ್ತವೆ. ಇದು ಪೇಟೆಯವರ ಮೈಗೆ ಮೈ ತಾಗಿಸಿ ನಿಂತಿದೆ. ಹೊರಗೆ ಗ್ರೀಸ್, ಒಳಗೆ ಕನ್ನಡದ ಆರಾಧನೆ.

ಈ ಪಾದ್ರಿಯ ಮಗನೇ ನಮ್ಮ ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು. ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಕಲ್ಲುಗಳಿವೆ. ನಮ್ಮ ಕೊಳ್ಳೇಗಾಲವನ್ನು ಹುಡುಕಿದೆ, ಇಲ್ಲ! ಯಳಂದೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ, ಆದರೆ ಆಗ ನಾವು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವರು. ಕಲ್ಲು ಕನ್ನಡದ್ದಾದರೇನು, ಕಚೇರಿ ಬೇರೆಯದು.

ಇದನ್ನೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಆ ಕಂಬಗಳನ್ನು ಇನ್ನೊಮ್ಮೆ ನೋಡಿದರು. "ಅಂಗಾರೆ ಆ ಮಗ ನಮ್ಮೂರ್ ಕಡೀಕೆ ಬರ್ನೇ ಇಲ್ವಾ?" ಎಂದು ಕೇಳಿದರು, ಮದುವೆಗೆ ಕರೆದೂ ಬಾರದ ನೆಂಟನ ಬಗ್ಗೆ ಕೇಳುವಂತೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರೈಸ್ ಸಾಹೇಬರು ತೀರಿಕೊಂಡು ಆಗಲೇ 29 ವರ್ಷವಾಗಿತ್ತು.