ಹಳ್ಳ ಎಷ್ಟಿದೆ?

ಹಿಮಾಲಯಕ್ಕೆ ಬೈಕಿನಲ್ಲಿ ಹೋಗಿ ಬಂದವರ ಬಾಯಲ್ಲಿ ಒಂದು ದೂರು ಖಾಯಂ. "ಅಲ್ಲೆಲ್ಲ ಈಗ ಟಾರು ಹಾಕ್ಬಿಟ್ಟಿದಾರೆ ಗುರು, ಮಜಾನೇ ಹೋಯ್ತು." ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ಲಡಾಖ್‌ನಲ್ಲಿ ಉಮ್ಲಿಂಗ್ ಲಾ ಅಂತ 19,024 ಅಡಿ ಎತ್ತರದ ಪಾಸ್ ಇದೆ. ಬಾರ್ಡರ್ ರೋಡ್ಸ್‌ನವರು, ಅಂದರೆ ಬಿಆರ್‌ಓದವರು, ಅಲ್ಲಿಯವರೆಗೂ ಟಾರು ರಸ್ತೆ ಮಾಡಿ 2021ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿಸಿದರು. "ಇನ್ನೇನು, ಸ್ಕೂಟಿಯಲ್ಲೂ ಹೋಗಬಹುದು ಬಿಡು" ಅಂತ ಗೆಳೆಯನೊಬ್ಬ ನಿಜವಾಗಿಯೂ ಬೇಜಾರು ಮಾಡಿಕೊಂಡ.

ಈ ಬೇಜಾರು ನನಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಪಾಲು ತಗೊಳ್ಳೋಕೆ ಆಗಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಬಸ್ಸು ನಿಲ್ಲುವ ಜಾಗದಿಂದ ಐದು ಕಿಲೋಮೀಟರ್ ಒಳಗೆ. ಮಳೆಗಾಲದ ನಾಲ್ಕು ತಿಂಗಳು ನಮಗೂ ಬಸ್‌ಸ್ಟಾಪಿಗೂ ನಡುವೆ ಒಂದು ಹಳ್ಳ, ಹಳ್ಳದ ಮೇಲೆ ಅಡಿಕೆ ಮರದ ಕಾಲುಸಂಕ. ಟೈರಿಗೆ ಚೈನ್ ಕಟ್ಟಿದ ಒಂದೇ ಒಂದು ಜೀಪು ಊರಿಗೆ ಬರುತ್ತಿತ್ತು, ಅದೂ ಹಳ್ಳ ಇಳಿದಿದ್ದರೆ. ಇದಕ್ಕೆ ಆಫ್‌ರೋಡಿಂಗ್ ಅನ್ನೋ ಹೆಸರಿದೆ ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ. ನಮ್ಮೂರಲ್ಲಿ ಅದಕ್ಕೆ "ರಸ್ತೆ ಇಲ್ಲ" ಅಂತಿದ್ದರು.

ಹಾಗಂತ ನಾನೇನು ಸನ್ಯಾಸಿಯಲ್ಲ. 2022ರ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಮನಾಲಿಯಿಂದ ಸ್ಪಿತಿಗೆ ಹೊರಟೆವು. ಇಬ್ಬರು ಬಾಡಿಗೆ ಹಿಮಾಲಯನ್ ಬೈಕಿನಲ್ಲಿ, ಇನ್ನಿಬ್ಬರು ಒಂದು ಥಾರ್‌ನಲ್ಲಿ. ಆ ದಾರಿಯನ್ನು ಆಯ್ದುಕೊಂಡದ್ದೇ ಅದು ಕೆಟ್ಟದ್ದು ಅಂತ ಹೆಸರಾಗಿದ್ದಕ್ಕೆ. ಗ್ರಾಂಫುವಿನಿಂದ ಬಾತಲ್‌ವರೆಗೆ ಐವತ್ತು ಕಿಲೋಮೀಟರ್ ಹತ್ತಿರ. ನೈಸ್ ರೋಡಲ್ಲಾದರೆ ಅರ್ಧ ಗಂಟೆ ಚಿಲ್ಲರೆ. ಅಲ್ಲಿ ಎಲ್ಲ ಸರಿಯಿದ್ದರೂ ನಾಲ್ಕೈದು ಗಂಟೆ. ದಾಖಲೆಯಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 505. ನೆಲದ ಮೇಲೆ ಚಂದ್ರಾ ನದಿಯ ಪಕ್ಕ ಉರುಳಿ ಬಿದ್ದ ಬಂಡೆಗಳ ನಡುವೆ ಗಾಡಿಗಳೇ ತುಳಿದು ಮಾಡಿಕೊಂಡ ಜಾಡು.

ಅವಸರ ಮಾಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಮನಾಲಿ ಇರೋದು ಸುಮಾರು 2,000 ಮೀಟರ್‌ನಲ್ಲಿ, ಕುಂಜುಮ್ ಪಾಸ್ ಸುಮಾರು 4,550ರಲ್ಲಿ. ಒಂದೇ ದಿನದಲ್ಲಿ ಹತ್ತಿ ಇಳಿದು ಕಾಜಾ ಮುಟ್ಟುವವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ತಲೆ ಹಿಡಿದುಕೊಂಡು ವಾಂತಿ ಮಾಡುವವರೂ ಬಹುಪಾಲು ಅವರೇ. ಸಿಸ್ಸುವಿನಲ್ಲಿ ಒಂದು ರಾತ್ರಿ, ಛತ್ರುವಿನಲ್ಲಿ ಒಂದು ರಾತ್ರಿ ಉಳಿದೆವು. ನಿಜ ಹೇಳಬೇಕೆಂದರೆ ಶಿಮ್ಲಾ ಕಡೆಯಿಂದ ಕಿನ್ನೌರ್ ಮೇಲೆ ಹೋಗುವುದೇ ದೇಹಕ್ಕೆ ಒಳ್ಳೆಯದು, ಎತ್ತರ ನಿಧಾನಕ್ಕೆ ಏರುತ್ತದೆ. ಆದರೆ ಐಟಿಯವರ ರಜಾ ಗೊತ್ತಲ್ಲ.

ಎತ್ತರಕ್ಕೆ ಹೋದಂತೆ ಬೈಕಿಗೂ ಉಸಿರು ಕಟ್ಟುತ್ತದೆ. ಕುಂಜುಮ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ. 60ರಷ್ಟೂ ಇಲ್ಲ. ಕಾರ್ಬುರೇಟರ್ ಇರುವ ಹಳೇ ಬೈಕಿನಲ್ಲಿ ಗಾಳಿ ಕಮ್ಮಿಯಾದರೂ ಪೆಟ್ರೋಲು ಅದಕ್ಕೆ ತಕ್ಕಷ್ಟು ಕಮ್ಮಿಯಾಗಲ್ಲ, ಹಾಗಾಗಿ ಕಪ್ಪು ಹೊಗೆ ಬಿಟ್ಟು ಕೆಮ್ಮುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಸೆನ್ಸರ್ ಒತ್ತಡ ಅಳೆದು ಪೆಟ್ರೋಲನ್ನೂ ಇಳಿಸುತ್ತದೆ. ಕೆಮ್ಮು ಹೋಗುತ್ತೆ, ಶಕ್ತಿ ಮಾತ್ರ ವಾಪಸ್ ಬರಲ್ಲ. ಇಲ್ಲದ ಗಾಳಿಯನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು (ಅದೇ ಕಸುಬಿನವನು ಹೇಳ್ತಿದೀನಿ, ನಂಬಿ). ಬೆಂಗಳೂರಲ್ಲಿ ಮೂರನೇ ಗೇರಿನಲ್ಲಿ ಹತ್ತುವ ಏರನ್ನು ಅಲ್ಲಿ ಫಸ್ಟ್ ಗೇರಿನಲ್ಲಿ, ಫುಟ್‌ಪೆಗ್ ಮೇಲೆ ನಿಂತು, ಕ್ಲಚ್ಚನ್ನು ಅರ್ಧ ಹಿಡಿದು ಬಿಟ್ಟು ಹತ್ತಬೇಕು. ಕಲ್ಲು ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಹೋಗಬೇಕಾದ ಸಂದಿಯನ್ನು ನೋಡಬೇಕು.

ಆದರೆ ಆ ದಾರಿಯ ನಿಜವಾದ ಯಜಮಾನ ಕಲ್ಲಲ್ಲ, ನೀರು. ಮೇಲಿನ ಹಿಮನದಿಗಳಿಂದ ಇಳಿದು ಬರುವ ನಾಲಾಗಳು ರಸ್ತೆಯ ಮೇಲೇ ಹರಿಯುತ್ತವೆ. ನಮ್ಮಲ್ಲಿ ಹಳ್ಳ ಏರುವುದು ಮಳೆಗೆ, ಅಲ್ಲಿ ಬಿಸಿಲಿಗೆ. ರಾತ್ರಿ ಚಳಿಗೆ ಹಿಮ ಕರಗುವುದು ನಿಂತಿರುತ್ತದೆ, ಬೆಳಿಗ್ಗೆ ಪಾದ ಮುಳುಗುವಷ್ಟು ನೀರು. ಹೊತ್ತು ಏರಿದಂತೆ ಅದೇ ನಾಲಾ ಮೊಣಕಾಲಿಗೆ ಬರುತ್ತದೆ, ಜೊತೆಗೆ ತಳದಲ್ಲಿ ಕಲ್ಲುಗಳನ್ನೂ ಉರುಳಿಸಿಕೊಂಡು. ಹಾಗಾಗಿ ಗೊತ್ತಿದ್ದವರು ಬೆಳಗಾಗುವ ಮೊದಲೇ ಹೊರಡುತ್ತಾರೆ. ನಾವೂ ಐದೂವರೆಗೆ ಛತ್ರು ಬಿಟ್ಟೆವು.

ಛೋಟಾ ದರ್ರಾ ದಾಟಿದ ಮೇಲೆ ಒಂದು ನಾಲಾದಲ್ಲಿ ಲಾರಿಯೊಂದು ಹೂತು ನಿಂತಿತ್ತು. ಹಿಂದಿನ ಎಡ ಚಕ್ರ ಎರಡು ಬಂಡೆಗಳ ನಡುವೆ. ಲಾರಿ ತುಂಬಾ ಹಸಿ ಬಟಾಣಿ ಮೂಟೆ. ಸ್ಪಿತಿಯಲ್ಲಿ ಬೆಳೆ ತೆಗೆಯೋಕೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು, ಕೈಗೆ ನಾಲ್ಕು ಕಾಸು ತರುವ ಮುಖ್ಯ ಬೆಳೆ ಈ ಬಟಾಣಿ. ಬಯಲಿನಲ್ಲಿ ಹಸಿ ಬಟಾಣಿ ಮುಗಿದಿರುವ ಹೊತ್ತಿಗೆ ಇದು ಬರುವುದರಿಂದ ರೇಟು ಸಿಗುತ್ತದೆ, ಮಾರ್ಕೆಟ್ಟಿಗೆ ತಾಜಾ ಮುಟ್ಟಿದರೆ ಮಾತ್ರ. ಕಟ್ಟಿಟ್ಟ ಮೂಟೆಯೊಳಗೆ ಬಟಾಣಿ ಬಿಸಿಯಾಗುತ್ತದೆ, ಹಳದಿ ತಿರುಗುತ್ತದೆ. ಡ್ರೈವರ್ ಆಗಾಗ ಮೂಟೆಯೊಳಗೆ ಕೈ ತೂರಿಸಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಪಕ್ಕದಲ್ಲೇ ರಸ್ತೆ ಕೆಲಸದ ಗ್ಯಾಂಗ್ ಇತ್ತು. ಜಾರ್ಖಂಡ್‌ನ ದುಮ್ಕಾ ಕಡೆಯವರು. ಆ ಭಾಗದಿಂದ ಪ್ರತಿವರ್ಷ ಸಾವಿರಾರು ಜನ ಬೇಸಿಗೆಗೆ ಹಿಮಾಲಯದ ರಸ್ತೆ ಕೆಲಸಕ್ಕೆ ಬರುತ್ತಾರೆ. ನಾನು ಥರ್ಮಲ್ಸ್ ಮೇಲೆ ಜಾಕೆಟ್ಟು, ಅದರ ಮೇಲೆ ರೈನ್ ಲೈನರ್ ಹಾಕಿ ನಡುಗುತ್ತಿದ್ದೆ. ಅವರು ಗಮ್‌ಬೂಟಿನೊಳಗೂ ನೀರು ತುಂಬಿಕೊಂಡು ಚಕ್ರದ ಕೆಳಗೆ ಕಲ್ಲು ಜೋಡಿಸುತ್ತಿದ್ದರು. ನಮ್ಮ ಥಾರ್‌ಗೆ ಹಗ್ಗ ಕಟ್ಟಿ, ಫೋರ್ ವೀಲ್ ಲೋನಲ್ಲಿ ಹಾಕಿ ಎಳೆದೆವು. ತುಂಬಿದ ಲಾರಿ ಅಲುಗಲೂ ಇಲ್ಲ. ಕೊನೆಗೆ ಹಿಂದಿನಿಂದ ಬಂದ ಇನ್ನೊಂದು ಲಾರಿ ಎಳೆದು ತೆಗೆಯುವ ಹೊತ್ತಿಗೆ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ನೀರೂ ಏರಿತ್ತು.

ನಮ್ಮವನೊಬ್ಬ ಇಡೀ ಹೊತ್ತು ವಿಡಿಯೋ ಮಾಡುತ್ತಿದ್ದ. "ಮಗಾ, ಇದು ಕಣೋ ರೋಡ್ ಅಂದ್ರೆ!" ಅಂತ ಕೂಗಿದ. ಅವನ ಖುಷಿಯಲ್ಲಿ ಕಳ್ಳತನ ಇರಲಿಲ್ಲ, ನನಗೂ ಎದೆ ಹಾರುತ್ತಿತ್ತು. ಅದೇ ಹೊತ್ತಿಗೆ ಡ್ರೈವರ್ ಪ್ಯಾಂಟ್ ಹಿಂಡುತ್ತಾ ನನ್ನ ಕಡೆ ತಿರುಗಿ, "ಯೇ ಭೀ ಕೋಯಿ ರೋಡ್ ಹೈ, ಭಾಯ್?" ಅಂದ. ಇಬ್ಬರೂ ನೋಡುತ್ತಿದ್ದದ್ದು ಅದೇ ನಾಲಾವನ್ನು.

ರಸ್ತೆ ಆಗಬಾರದು ಅನ್ನುವವರ ಕಡೆಗೂ ನ್ಯಾಯವಿಲ್ಲ ಅಂತಲ್ಲ. ರೋಹ್ತಾಂಗ್ ನೋಡಿದರೆ ಸಾಕು. ದಿನಕ್ಕೆ ಇಂತಿಷ್ಟೇ ಗಾಡಿ ಅಂತ ಹಸಿರು ನ್ಯಾಯಮಂಡಳಿಯೇ ಮಿತಿ ಹಾಕಬೇಕಾಯಿತು. ಚಂದ್ರತಾಲ್ ಸರೋವರದ ದಾರಿಯಲ್ಲಿ ಚಿಪ್ಸ್ ಪ್ಯಾಕೆಟ್ಟುಗಳನ್ನು ಕಣ್ಣಾರೆ ನೋಡಿದೆ, ಅದೂ ಇಷ್ಟು ಕೆಟ್ಟ ರಸ್ತೆ ದಾಟಿ ಬಂದವರು ಎಸೆದದ್ದು. ಟಾರು ಬಿದ್ದರೆ ಏನಾದೀತು ಅಂತ ಊಹಿಸುವುದು ಕಷ್ಟವಲ್ಲ. ನಮ್ಮೂರಿಗೂ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಬಂತು, ಹಳ್ಳಕ್ಕೆ ಮೋರಿ ಬಂತು. ಹಾಲಿನ ಕ್ಯಾನು ಮನೆಬಾಗಿಲಿಂದಲೇ ಹೋಗತೊಡಗಿತು. ಅದೇ ರಸ್ತೆಯಲ್ಲಿ ನಮ್ಮ ವಯಸ್ಸಿನವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿಗೆ ಹೋದರು. ಈಗ ರಸ್ತೆ ಚೆನ್ನಾಗಿದೆ, ಓಡಾಡುವವರು ಕಮ್ಮಿ. ಆದರೆ ಅದಕ್ಕೆ ಹಳ್ಳ ಇದ್ದಿದ್ದೇ ಚೆನ್ನಾಗಿತ್ತು ಅಂತ ಅಮ್ಮನ ಮುಂದೆ ಹೇಳಿ ನೋಡಿ. ಅಜ್ಜಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಆ ಸಂಕ ದಾಟಿಸಿದ ರಾತ್ರಿ ಲಾಟೀನು ಹಿಡಿದು ಮುಂದೆ ನಡೆದವಳು ಅವಳು.

ಲಾಹೌಲ್-ಸ್ಪಿತಿ ಇಡೀ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 31,564. ನಮ್ಮ ಟೆಕ್‌ಪಾರ್ಕ್ ಒಂದರಲ್ಲೇ ಇದಕ್ಕಿಂತ ಜಾಸ್ತಿ ಜನ ಊಟಕ್ಕೆ ಕ್ಯೂ ನಿಲ್ಲುತ್ತಾರೆ. ಇಷ್ಟು ಕಮ್ಮಿ ಜನಕ್ಕೆ ಇಷ್ಟು ದುಡ್ಡು ಸುರಿದು ರಸ್ತೆಯೇಕೆ ಅಂತ ಕೇಳುವವರಿದ್ದಾರೆ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಟನಲ್ ತೆರೆಯುವವರೆಗೆ ಲಾಹೌಲ್‌ನವರು ಚಳಿಗಾಲದಲ್ಲಿ ಹಿಮ ಬಿದ್ದರೆ ಮುಗಿಯಿತು, ಕಾಯಿಲೆಯವರು ಸರ್ಕಾರದ ಹೆಲಿಕಾಪ್ಟರ್‌ಗೆ ಕಾಯಬೇಕಿತ್ತು. ಆ ಟನಲ್ಲನ್ನು ನಾವು ಹತ್ತು ಹದಿನೈದು ನಿಮಿಷದಲ್ಲಿ ದಾಟಿದೆವು. "ಬೋರಿಂಗ್" ಅಂದ ನಮ್ಮ ವಿಡಿಯೋ ಗೆಳೆಯ, ಅಲ್ಲಿ ಕ್ಯಾಮೆರಾ ಆಫ್ ಮಾಡಿದ್ದ. ಕುಂಜುಮ್ ಆಚೆಯ ಸ್ಪಿತಿಗೆ ಆ ಭಾಗ್ಯವೂ ಇಲ್ಲ. ನವೆಂಬರ್ ಆಸುಪಾಸಿಗೆ ಪಾಸ್ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೋ ಜೂನ್‌ಗೋ. ಅಲ್ಲಿಯವರೆಗೆ ಮನಾಲಿಗೆ ಹೋಗಬೇಕಾದವರು ಕಿನ್ನೌರ್ ಸುತ್ತಿಕೊಂಡು ಹೋಗಬೇಕು.

ಆ ದಿನ ಕುಂಜುಮ್ ತಲುಪುವಾಗ ಮಧ್ಯಾಹ್ನ ಮೂರಾಗಿತ್ತು. ಅಲ್ಲಿ ದೇವಿಯ ಗುಡಿ ಇದೆ, ಪಕ್ಕದಲ್ಲಿ ಬೌದ್ಧರ ಚೋರ್ಟೆನ್‌ಗಳು. ಆ ದಾರಿಯ ಗಾಡಿಗಳು ಅದಕ್ಕೊಂದು ಸುತ್ತು ಬಂದೇ ಮುಂದೆ ಹೋಗುವುದು ವಾಡಿಕೆ. ನಾವೂ ಸುತ್ತಿದೆವು. ಆಮೇಲೆ ಲೋಸರ್‌ನಲ್ಲಿ ಚಹಾ, ಅಲ್ಲಿಂದ ಕಾಜಾಗೆ ಐವತ್ತೆಂಟು ಕಿಲೋಮೀಟರ್ ಇಳಿಜಾರು. ತಲೆನೋವು ಬಂದದ್ದು ಒಬ್ಬನಿಗೆ, ಅದೂ ಥಾರ್‌ನಲ್ಲಿ ಆರಾಮಾಗಿ ಕೂತವನಿಗೆ.

ಕಾಜಾದಲ್ಲಿ ನಾವು ಉಳಿದ ಹೋಂಸ್ಟೇ ಒಂದು ಮನೆಯ ಮೇಲ್ಮಹಡಿ. ಒಲೆಯ ಸುತ್ತ ಕೂತು ಥುಕ್ಪಾ ಕುಡಿಯುತ್ತಿರುವಾಗ ಮನೆಯ ದೀದಿ ಕೇಳಿದ್ದು ಎಲ್ಲಿಂದ ಬಂದಿರಿ, ಏನು ಕೆಲಸ ಅಂತಲ್ಲ. "ನಾಲೇ ಮೇ ಪಾನಿ ಕಿತ್ನಾ ಥಾ?"

ನನಗೆ ಒಂದು ಕ್ಷಣ ನಮ್ಮೂರಿನ ಜಗಲಿಯಲ್ಲಿ ಕೂತ ಹಾಗಾಯಿತು. ಆಷಾಢದಲ್ಲಿ ಆಚೆಯಿಂದ ಯಾರೇ ಬರಲಿ, ಕಾಲು ತೊಳೆಯೋಕೆ ನೀರು ಕೊಡುವ ಮೊದಲೇ ಅಜ್ಜ ಕೇಳುತ್ತಿದ್ದುದು ಅದೇ, "ಹಳ್ಳ ಎಷ್ಟಿದ್ಯಾ?"

ದೀದಿಯ ಅತ್ತೆಗೆ ಹೊಟ್ಟೆನೋವು, ಕುಲ್ಲುವಿನ ದೊಡ್ಡ ಆಸ್ಪತ್ರೆಗೆ ತೋರಿಸಬೇಕಂತೆ. ಮಗ ನಾಳೆಯೇ ಗಾಡಿಯಲ್ಲಿ ಕರೆದುಕೊಂಡು ಹೊರಡುವವನಿದ್ದ. ನಮ್ಮ ಗೆಳೆಯ ಉತ್ಸಾಹದಿಂದ ಫೋನ್ ತೆಗೆದು ವಿಡಿಯೋ ತೋರಿಸಿದ. ನೀರು ಚಿಮ್ಮುವುದು, ಥಾರ್ ಕುಣಿಯುವುದು, ಹಿಂದೆ ನಮ್ಮ ಕೂಗಾಟ. ಆಕೆ ನಗಲಿಲ್ಲ. ಅವನ ಕೈಯಿಂದ ಫೋನ್ ತೆಗೆದುಕೊಂಡು ಹಿಂದಕ್ಕೆ ಓಡಿಸಿ, ಥಾರ್‌ನ ಮುಂದಿನ ಚಕ್ರ ನಾಲಾದ ನಡುಮಧ್ಯಕ್ಕೆ ಬಂದಾಗ ನಿಲ್ಲಿಸಿದಳು. ಕನ್ನಡಕ ಹಾಕಿಕೊಂಡು ಚಕ್ರವನ್ನೇ ನೋಡಿದಳು. "ಎಷ್ಟು ಗಂಟೆಗೆ ದಾಟಿದ್ರಿ?" ಹನ್ನೊಂದು ಕಾಲು ಅಂದೆ. ಮತ್ತೊಮ್ಮೆ ನೋಡಿ ಫೋನ್ ವಾಪಸ್ ಕೊಟ್ಟಳು. ಆಮೇಲೆ ಒಳಗಿದ್ದ ಮಗನಿಗೆ ಅವರ ಭಾಷೆಯಲ್ಲಿ ಏನೋ ಕೂಗಿ ಹೇಳಿದಳು. ಅವನು ನಮ್ಮ ಕಡೆ ತಿರುಗಿ, "ನಾಳೆ ರಾತ್ರಿ ಎರಡೂವರೆಗೇ ಗಾಡಿ ಸ್ಟಾರ್ಟ್ ಮಾಡ್ತೀನಿ, ನಿಮ್ಮ ನಿದ್ದೆ ಕೆಡಬಹುದು, ಬೇಜಾರು ಮಾಡ್ಕೋಬೇಡಿ" ಅಂದ ಹಿಂದಿಯಲ್ಲಿ.