ಬಿದ್ದವನಿಗೂ ಒಂದು ಪಾಠವಿದೆ



ಸ್ವರ್ಗದಲ್ಲಿ ಸಂತ ಪೇತ್ರರು ಹೊಸಬರನ್ನು ಬರಮಾಡಿಕೊಳ್ಳುತ್ತಿದ್ದಾರೆ. ಬಂದವರೆಲ್ಲರೂ ತರುಣ ವಿಮಾನ ಚಾಲಕರು. ಅವರ ಪ್ರಾಣ ಹೋದದ್ದು ಶತ್ರುವಿನ ಗುಂಡಿನಿಂದಲ್ಲ, ತಮ್ಮದೇ ತಪ್ಪಿನಿಂದ. ಇದು ಧರ್ಮೋಪದೇಶ ತರಗತಿಯ ಮಕ್ಕಳ ನಾಟಕವೆಂದು ಭಾವಿಸಬೇಡಿ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸೇನಾ ವಾಯುಪಡೆ ತನ್ನ ಚಾಲಕರಿಗಾಗಿ ತಯಾರಿಸಿದ ‘ಲರ್ನ್ ಅಂಡ್ ಲಿವ್’ ಎಂಬ ಬೋಧನಾ ಚಿತ್ರವಿದು. ಕಲಿತುಕೋ, ಬದುಕಿಕೋ ಎಂಬುದು ಆ ಹೆಸರಿನ ಭಾವ. ಗೈ ಕಿಬ್ಬೀ ಎಂಬ ನಟ ಇದರಲ್ಲಿ ಪೇತ್ರರ ಪಾತ್ರ ವಹಿಸಿದ್ದಾರೆ.

ಇಂಥ ಚಿತ್ರಗಳಿಗೆಂದೇ ವಾಯುಪಡೆ 1942ರಲ್ಲಿ ಒಂದು ಚಲನಚಿತ್ರ ದಳವನ್ನು ಕಟ್ಟಿತ್ತು. ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯಲ್ಲಿ, ಲಾರೆಲ್ ಮತ್ತು ಹಾರ್ಡಿಯವರ ಹಾಸ್ಯಚಿತ್ರಗಳು ತಯಾರಾಗಿದ್ದ ಹಾಲ್ ರೋಚ್ ಸ್ಟುಡಿಯೋ ಅದರ ನೆಲೆಯಾಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಕೂಡ ಅಲ್ಲಿ ಸೇವೆ ಸಲ್ಲಿಸಿದರು. ಆ ಚಿತ್ರಗಳ ಅಗತ್ಯವೆಷ್ಟಿತ್ತೆಂಬುದನ್ನು ಒಂದು ಲೆಕ್ಕ ಹೇಳುತ್ತದೆ. 1941ರ ಡಿಸೆಂಬರಿನಿಂದ 1945ರ ಆಗಸ್ಟ್‌ವರೆಗೆ, ಅಮೆರಿಕದ ನೆಲದಲ್ಲೇ ನಡೆದ ಸೇನಾ ವಿಮಾನ ಅಪಘಾತಗಳಲ್ಲಿ ಸುಮಾರು 15,000 ಮಂದಿ ಸತ್ತರು. ಯುದ್ಧಭೂಮಿಯನ್ನು ಕಾಣುವ ಮೊದಲೇ ಎಷ್ಟೋ ಮನೆಗಳ ದೀಪಗಳು ಆರಿಹೋದವು.

ಯುದ್ಧವನ್ನು ಕೊಂಡಾಡಲು ನಾನು ಇದನ್ನು ಬರೆಯುತ್ತಿಲ್ಲ. ಆ ಶಿಕ್ಷಣದ ಒಂದು ಪಾಠ ನನ್ನ ಮನಸ್ಸನ್ನು ಕಲಕಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಆ ತರುಣರಲ್ಲಿ ಅನೇಕರು ಮೊದಲು ಏರುತ್ತಿದ್ದುದು ‘ಸ್ಟಿಯರ್‌ಮನ್’ ಎಂಬ ತರಬೇತಿ ವಿಮಾನವನ್ನು. ಒಂದರ ಮೇಲೊಂದು ರೆಕ್ಕೆ, ಆ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ, ತೆರೆದ ಎರಡು ಆಸನ. ಇಂಥವು 8,000ಕ್ಕೂ ಹೆಚ್ಚು ತಯಾರಾದವು. ಬೋಧಕ ಮುಂದೆ, ಶಿಷ್ಯ ಹಿಂದೆ. ಇಬ್ಬರ ಕೈಯಲ್ಲೂ ನಿಯಂತ್ರಣವಿತ್ತು. ಎಂಜಿನ್ನಿನ ಆರ್ಭಟದ ನಡುವೆ ಬೋಧಕ ಒಂದು ರಬ್ಬರ್ ಕೊಳವೆಯಲ್ಲಿ ಮಾತನಾಡುತ್ತಿದ್ದ. ಅದು ಶಿಷ್ಯನ ಕಿವಿಗೆ ತಲುಪುತ್ತಿತ್ತು. ಶಿಷ್ಯ ಮರುಮಾತನಾಡಲು ದಾರಿಯಿರಲಿಲ್ಲ. ಅವನ ಅಂಜಿಕೆಯನ್ನು ಬೋಧಕ ರೆಕ್ಕೆಯಡಿಯ ಕನ್ನಡಿಯಲ್ಲಿ ಕಂಡು ತಿಳಿಯಬೇಕಿತ್ತು.

ಆ ಕೊಳವೆಗೆ ‘ಗಾಸ್ಪೋರ್ಟ್’ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಒಂದು ಊರಿನಿಂದ. ಅಲ್ಲಿ 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ವಿಮಾನ ಶಿಕ್ಷಣದ ರೀತಿಯನ್ನೇ ಬದಲಿಸಿದರು. ಅದುವರೆಗೆ ಶಿಷ್ಯರಿಗೆ ಸಿಗುತ್ತಿದ್ದುದು ಅಪಾಯದಿಂದ ದೂರವಿರಿ ಎಂಬ ಬುದ್ಧಿಮಾತು. ಸ್ಮಿತ್-ಬ್ಯಾರಿ ಶಿಷ್ಯನ ಜೊತೆಯಲ್ಲಿ ಕುಳಿತು, ಬೇಕೆಂದೇ ಅಪಾಯವನ್ನು ತಂದುಕೊಂಡು, ಅದರಿಂದ ಪಾರಾಗುವುದನ್ನು ಕಲಿಸುವ ಪದ್ಧತಿ ತಂದರು.

ವಿಮಾನದ ಮೂಗನ್ನು ಮಿತಿಮೀರಿ ಮೇಲಕ್ಕೆತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿಯುತ್ತದೆ, ವಿಮಾನ ಕುಸಿಯತೊಡಗುತ್ತದೆ. ಭಯಗೊಂಡವನ ಕೈ ತಾನಾಗಿ ದಂಡವನ್ನು ಇನ್ನಷ್ಟು ಹಿಂದಕ್ಕೆಳೆದು, ಮೂಗನ್ನು ಮತ್ತಷ್ಟು ಎತ್ತಲು ಹವಣಿಸುತ್ತದೆ. ಅದೇ ಅವನ ಸಾವು. ಪಾರಾಗಬೇಕಾದರೆ ದಂಡವನ್ನು ಮುಂದಕ್ಕೆ ದೂಡಿ ಮೂಗನ್ನು ತಗ್ಗಿಸಬೇಕು. ತಗ್ಗಿದರೆ ರೆಕ್ಕೆಗೆ ಮತ್ತೆ ಗಾಳಿ ಹಿಡಿಯುತ್ತದೆ.

ಈ ಮಾತನ್ನು ನನಗೆ ಮೊದಲು ಹೇಳಿದವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು. 1940ರ ಡಿಸೆಂಬರಿನಲ್ಲಿ ಹುಟ್ಟಿದ ಆ ಕಾರ್ಖಾನೆ, ನಮ್ಮವರೇ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನವನ್ನು 1951ರಲ್ಲಿ ಮೊದಲ ಬಾರಿಗೆ ಹಾರಿಸಿತು. “ತಗ್ಗಿದವನು ಉಳೀತಾನೆ ಫಾದರ್” ಎಂದು ಅವರು ಅಂಗೈಯನ್ನೇ ವಿಮಾನ ಮಾಡಿ ತೋರಿಸಿದ್ದರು. ಆ ಅಂಗೈಯನ್ನು ನೋಡುತ್ತಿದ್ದಂತೆ ನನಗೆ ನೆನಪಾದದ್ದು ಬೇರೊಬ್ಬನ ಮುಖ.

ಗುರುದೀಕ್ಷೆ ಪಡೆದ ಹೊಸತು. ತಪಸ್ಸುಕಾಲದ ಒಂದು ಭಾನುವಾರ ಪಾಪದ ಭೀಕರತೆಯ ಬಗ್ಗೆ ಬಹಳ ಹೊತ್ತು ಪ್ರಬೋಧನೆ ನೀಡಿದ್ದೆ. ಗುರುಮಠದಲ್ಲಿ ಕಲಿತದ್ದನ್ನೆಲ್ಲ ಅಂದೇ ಸುರಿದಿದ್ದೆನೆನ್ನಿ. ಬಲಿಪೂಜೆಯ ನಂತರ ಪೂಜಾವಸ್ತ್ರ ಕಳಚುತ್ತಿದ್ದಾಗ ಒಬ್ಬ ತರುಣ ಬಾಗಿಲಲ್ಲಿ ಬಂದು ನಿಂತ. ಕುಡಿತದಿಂದ ಕೆಲಸ ಕಳೆದುಕೊಂಡವನು. “ಬೀಳಬಾರದು ಅಂತ ಹೇಳಿದಿರಿ ಫಾದರ್. ನಾನು ಆಗಲೇ ಬಿದ್ದಿದ್ದೀನಿ. ಈಗ ಏನು ಮಾಡಲಿ?” ಎಂದ. ನನಗೆ ಇನ್ನೊಂದು ಊರಿನ ಪೂಜೆಗೆ ಹೊತ್ತಾಗಿತ್ತು. “ಮುಂದಿನ ವಾರ ಬಾಪ್ಪಾ” ಎಂದೆ. ಅವನು ಬರಲಿಲ್ಲ. ಹುಡುಕಿಕೊಂಡು ಹೋದಾಗ ಮನೆಗೆ ಬೀಗವಿತ್ತು. ಅವನ ಅಂಜಿಕೆಯನ್ನು ಕಾಣಲು ನನಗೆ ಕನ್ನಡಿಯೂ ಬೇಕಿರಲಿಲ್ಲ. ಅವನು ಎದುರಿಗೇ ನಿಂತಿದ್ದ.

ಓದುಗರೇ, ಆ ಚಿತ್ರದಲ್ಲಿ ತಪ್ಪು ಮಾಡಿದವರ ನಡುವೆ ನಿಂತವರು ಪೇತ್ರರು ಎಂಬುದನ್ನು ಗಮನಿಸಿ. ನೀರಿನ ಮೇಲೆ ನಡೆಯಹೋಗಿ ಮುಳುಗತೊಡಗಿದವರು ಅವರು. ಕೋಳಿ ಕೂಗುವ ಮುನ್ನ ಮೂರು ಬಾರಿ ಪ್ರಭುವನ್ನು ಅರಿಯೆನೆಂದವರೂ ಅವರೇ. ಮುಳುಗುವಾಗ ಪೇತ್ರರು ಧೈರ್ಯ ನಟಿಸಲಿಲ್ಲ, ಕೂಗಿಕೊಂಡರು. ಯೇಸುಸ್ವಾಮಿ ಮೊದಲು ಕೈಹಿಡಿದರು, ಆಮೇಲೆ ಅವರ ಅಲ್ಪವಿಶ್ವಾಸವನ್ನು ಆಕ್ಷೇಪಿಸಿದರು. ನಾವು ಮೊದಲು ಆಕ್ಷೇಪಿಸುತ್ತೇವೆ. ಕೈ ಚಾಚುವ ಹೊತ್ತಿಗೆ ಮಗು ಮುಳುಗಿರುತ್ತದೆ.

ಪರೀಕ್ಷೆಯಲ್ಲಿ ನಪಾಸಾದ ಮಗ ಅಂಕಪಟ್ಟಿಯನ್ನು ಬಚ್ಚಿಡುತ್ತಾನೆ. ಸಾಲಕ್ಕೆ ಸಿಕ್ಕಿದ ಗಂಡ ಇನ್ನೊಂದು ಸಾಲ ಮಾಡಿ ಅದನ್ನು ಮರೆಮಾಚುತ್ತಾನೆ. ಇವರೆಲ್ಲರೂ ಮೂಗನ್ನು ಇನ್ನೂ ಮೇಲಕ್ಕೆಳೆಯುತ್ತಿರುವವರೇ. ತಗ್ಗಿದರೆ ಉಳಿಯಬಹುದೆಂದು ಅವರಿಗೆ ತೋರಿಸಿಕೊಡುವವರು ಬೇಕು. ಪಾಪನಿವೇದನೆಯ ಪೀಠದಲ್ಲಿ ಮಂಡಿಯೂರುವುದೆಂದರೆ ಅದೇ. ಅಲ್ಲಿ ಮಾತು ಒಂದೇ ದಿಕ್ಕಿನದಲ್ಲ, ಬಿದ್ದವನೂ ಮಾತನಾಡಬಹುದು. ನಮ್ಮ ಮನೆಗಳಲ್ಲೂ ಹಾಗೆಯೇ ಇರಲಿ.

ಆ ತರುಣನಿಗೆ ಈಗ ತಲೆ ನರೆತಿರಬೇಕು. ಈ ಪುಟ ಅವನ ಕೈಸೇರಿದರೆ, ಅಂದು ನಾನು ಕೊಡದ ಉತ್ತರ ಇಲ್ಲಿದೆ: ಎಷ್ಟು ಆಳಕ್ಕೆ ಬಿದ್ದಿದ್ದರೂ ಕೂಗು, ಮಗನೇ. ನೀನು ಹಾರುತ್ತಿರುವ ವಿಮಾನದಲ್ಲಿ ಇನ್ನೊಬ್ಬರ ಕೈಯೂ ನಿಯಂತ್ರಣದ ಮೇಲಿದೆ. ತಡವಾಗಿ ಹೇಳಿದ್ದಕ್ಕೆ ನನ್ನನ್ನು ಕ್ಷಮಿಸು.