ಮುಚ್ಚಳದ ಮಾತು

ಲೋಕದಲ್ಲಿ ಮುಚ್ಚಳಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಉಪ್ಪಿನಕಾಯಿಯ ರುಚಿಯನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೆ ಬೂಸಲು ಹಿಡಿಯದಂತೆ ಕಾದ ಭರಣಿಯ ಮುಚ್ಚಳವನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಪೆನ್ನು ಕಳೆದರೆ ಮನೆಯನ್ನೆಲ್ಲ ಜಾಲಾಡುತ್ತೇವೆ. ಅದರ ಟೋಪಿ ಕಳೆದದ್ದು ನೆನಪಾಗುವುದು ಶಾಯಿ ಒಣಗಿ ಪೆನ್ನೇ ಕೆಟ್ಟ ಮೇಲೆ. ನಮ್ಮ ಕುರುಬರಹಳ್ಳಿಯ ಬೀದಿಗಳಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಇದ್ದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ; ಒಂದು ಚಪ್ಪಡಿ ಇಲ್ಲದ ದಿನ ಎಲ್ಲರೂ ನೆಲ ನೋಡಿಕೊಂಡು ನಡೆಯುತ್ತಾರೆ.

ನಾನು ಬರೆಯಹೊರಟಿರುವುದು ಇಂಥದೇ ಒಂದು ಮುಚ್ಚಳವನ್ನು ಕುರಿತು. ಅದಿರುವುದು ನಮ್ಮ ಮನೆಯ ಹಳೆಯ ಮಾರುತಿ 800 ಕಾರಿನ ಎಂಜಿನ್ನಿನ ಒಂದು ಪಕ್ಕದಲ್ಲಿ. ಹೆಸರು ಟೈಮಿಂಗ್ ಬೆಲ್ಟ್ ಕವರ್. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ಕಾಲೇಜಿನ ಪತ್ರಿಕೆಯಲ್ಲಿ ಕಾರಿನ ಬಿಡಿಭಾಗದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಾರದು. ಈ ಕವರಿನ ಕಥೆಯಲ್ಲಿ ಇತಿಹಾಸವೂ ಉಂಟು, ಅರ್ಥಶಾಸ್ತ್ರವೂ ಉಂಟು.

ಮೊದಲು ಇತಿಹಾಸ. ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್ ಎಂಬ ದಂಡ ತಿರುಗುತ್ತದೆ. ಮೇಲೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ತಿರುಗುತ್ತದೆ. ಕೆಳಗಿನದು ಎರಡು ಸುತ್ತು ಸುತ್ತುವಾಗ ಮೇಲಿನದು ಸರಿಯಾಗಿ ಒಂದು ಸುತ್ತು ಸುತ್ತಬೇಕು. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಗೂಟ ತಿರುಗಿಸುವ ಕೈಯೂ ರಾಗಿ ಹಾಕುವ ಕೈಯೂ ಒಂದೇ ಲಯದಲ್ಲಿರಬೇಕು, ತಪ್ಪಿದರೆ ಹಿಟ್ಟು ನುಣ್ಣಗಾಗದು. ಈ ಲಯವನ್ನು ಕಾಯುವುದಕ್ಕೆ ಅಂಬಾಸಡರ್, ಹಳೆಯ ಫಿಯಟ್‌ಗಳಲ್ಲಿ ಉಕ್ಕಿನ ಚೈನಿತ್ತು. ಅದು ಎಂಜಿನ್ನಿನ ಎಣ್ಣೆಯಲ್ಲೇ ಮೀಯುತ್ತ, ಲೋಹದ ಪೆಟ್ಟಿಗೆಯೊಳಗೆ ಭದ್ರವಾಗಿ ತಿರುಗುತ್ತಿತ್ತು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಎಂಬ ಕಾರಿನಲ್ಲಿ ಚೈನಿನ ಬದಲು ಹಲ್ಲುಗಳುಳ್ಳ ರಬ್ಬರ್ ಬೆಲ್ಟನ್ನು ಹಾಕಿತು. ಬೆಲ್ಟು ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಈ ರಬ್ಬರ್ ಬೆಲ್ಟೂ ನಮ್ಮ ದೇಶದ ಸಾಮಾನ್ಯ ಸಂಸಾರಗಳಿಗೆ ಬಂದಿತು. 796 ಸಿ.ಸಿ.ಯ ಆ ಪುಟ್ಟ ಎಂಜಿನ್ನಿಗೆ ಮೂರೇ ಸಿಲಿಂಡರು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತಿತು.

ಎಣ್ಣೆ ಬೇಡವೆಂಬ ಗುಣದಲ್ಲಿಯೇ ಒಂದು ತೊಡಕಿದೆ. ಚೈನಿಗೆ ಎಣ್ಣೆ ಅನ್ನವಾದರೆ ರಬ್ಬರ್ ಬೆಲ್ಟಿಗೆ ಅದು ವಿಷ. ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಹಲ್ಲುಗಳ ಬುಡ ಸಡಿಲವಾಗುತ್ತದೆ. ಧೂಳು ಉಪ್ಪುಕಾಗದದಂತೆ ಹಲ್ಲುಗಳನ್ನು ಸವೆಸುತ್ತದೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಒಂದು ಸಣ್ಣ ಜಲ್ಲಿ ಸಿಕ್ಕಿಕೊಂಡರೆ ಸಾಕು, ಬೆಲ್ಟು ಒಂದು ಹಲ್ಲು ಜಿಗಿದು ಲಯ ತಪ್ಪುತ್ತದೆ. ಆಗ ಕಾರು ಸ್ಟಾರ್ಟ್ ಆಗಲು ಮೊಂಡುತನ ಮಾಡುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಬೆಲ್ಟು ಹರಿದರಂತೂ ಎಂಜಿನ್ನು ನಿಂತಲ್ಲೇ ನಿಂತಿತು. ಕೆಲವು ಜಾತಿಯ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಒಳಗಿನದೆಲ್ಲ ಹಾಳಾಗುವುದೂ ಉಂಟು. ಇಷ್ಟೆಲ್ಲ ಅನಾಹುತಕ್ಕೂ ಬೆಲ್ಟಿಗೂ ನಡುವೆ ನಿಂತಿರುವುದು ಒಂದು ಪ್ಲಾಸ್ಟಿಕ್ ಕವರು.

ಇನ್ನು ಅರ್ಥಶಾಸ್ತ್ರ. ನಮ್ಮ ಕಾರು 1999ರದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ, 2014, 2019, 2024ರಲ್ಲಿ ನೋಂದಣಿಯನ್ನು ನವೀಕರಿಸಿಕೊಂಡು ಬಂದಿದ್ದೇವೆ. ಮಾರಿದರೆ ಬರುವ ಹಣದಲ್ಲಿ ಒಂದು ಒಳ್ಳೆಯ ಸೈಕಲ್ಲೂ ಬಾರದೇನೋ. ಆದರೆ ನಮ್ಮ ಅಜ್ಜಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್ ಆಗಬೇಕು. ಬೆಳಿಗ್ಗೆ ಆರು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ಮುಗಿಸಿಕೊಂಡು ಬರುವಾಗ ಆಕೆಗೆ ಕುಳಿತಿರುವ ತ್ರಾಣವೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಬರಬೇಕು. ಆ ಕಾರು ದಾರಿಯಲ್ಲಿ ನಿಲ್ಲುವಂತಿಲ್ಲ. ಅದರ ಬೆಲೆಯನ್ನು ನಾವು ಲೆಕ್ಕ ಹಾಕುವುದು ಈ ಎರಡು ದಿನಗಳಿಂದ.

ಕಳೆದ ಬೇಸಗೆಯಲ್ಲಿ ಆ ಕಾರು ಗಲಗಲ ಎಂದು ಸದ್ದು ಮಾಡತೊಡಗಿತು. ತಗಡಿನ ಡಬ್ಬದಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದಂಥ ಸದ್ದು. ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ರೋಗ ಹೇಳಿದರು. "ಎಂಜಿನ್ನೇ ಹೋಯ್ತು, ಗುಜರಿಗೆ ಹಾಕಿಬಿಡಿ" ಎಂದವರೂ ಉಂಟು. ಅಪ್ಪನ ಮನಸ್ಸು ಅಳುಕಿತು. ಕೊನೆಗೆ ನಮ್ಮ ಬೀದಿಯ ತುದಿಯ ಮೇಸ್ತ್ರಿಯವರು ಬಂದು ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು, ವೈದ್ಯರು ಎದೆ ಪರೀಕ್ಷಿಸುವಂತೆ ಅಲ್ಲಲ್ಲಿ ಆಲಿಸಿದರು. ಬಳಿಕ ಟೈಮಿಂಗ್ ಕವರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಸದ್ದು ನಿಂತಿತು. ಬೆರಳು ತೆಗೆದರು, ಸದ್ದು ಮತ್ತೆ ಬಂದಿತು.

"ಎಂಜಿನ್ ಚೆನ್ನಾಗಿದೆ ಸಾರ್. ಹೊದಿಕೆ ಹರಿದಿದೆ, ಅಷ್ಟೆ" ಎಂದರು.

ನೋಡಿದರೆ ಕವರಿನ ಸುತ್ತ ಇರಬೇಕಾದ ಬೋಲ್ಟುಗಳಲ್ಲಿ ಉಳಿದದ್ದು ಮೂರು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಬೆಲ್ಟು ಬದಲಿಸಿದವರು ಮಿಕ್ಕವನ್ನು ಹಾಕಿರಲೇ ಇಲ್ಲ. ಹಾಕಿದ ಮೂರರಲ್ಲಿ ಒಂದು ಅಳತೆಗಿಂತ ಉದ್ದ. ಅದನ್ನು ಬಲವಂತದಿಂದ ಬಿಗಿದು ಅಲ್ಯೂಮಿನಿಯಮ್ಮಿನ ಥ್ರೆಡ್ಡನ್ನೇ ಕಿತ್ತಿದ್ದರು. ಕವರಿನ ಒಂದು ಕಿವಿ ಮುರಿದಿತ್ತು. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ಕು ಹಪ್ಪಳದಂತಾಗಿರುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಕಿವಿ ಮುರಿಯದೆ ಮತ್ತೇನು? ಅಂಚಿನ ಸುತ್ತ ಇರಬೇಕಾದ ರಬ್ಬರ್ ಪಟ್ಟಿಯ ಸುಳಿವೇ ಇರಲಿಲ್ಲ. ಉಳಿದ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. 2017ರ ಮಳೆಗಳಲ್ಲಿ ರಾಜಕಾಲುವೆ ಉಕ್ಕಿ ಕುರುಬರಹಳ್ಳಿಯ ತಗ್ಗಿನ ಬೀದಿಗಳಿಗೆ ನೀರು ನುಗ್ಗಿ ಪ್ರಾಣಹಾನಿಯಾದದ್ದನ್ನು ಅನೇಕರು ಬಲ್ಲರು. ಆ ನೀರಿನಲ್ಲಿ ನಿಂತ ಕಾರುಗಳಲ್ಲಿ ನಮ್ಮದೂ ಒಂದಾಗಿತ್ತು.

ಬಿಚ್ಚುವ ಕೆಲಸವೇ ಅರ್ಧ ದಿನ ಹಿಡಿಯಿತು. ಕವರು ಕಣ್ಣೆದುರಿಗೇ ಇದ್ದರೂ ನೇರವಾಗಿ ಕೈಗೆ ಬರುವುದಿಲ್ಲ. ಹೊರಗಿನ ಬೆಲ್ಟು, ಅದರ ಹಿಂದಿನ ಪುಲ್ಲಿಗಳು ಬಿಚ್ಚಿದ ಮೇಲೆಯೇ ಅದು ಹೊರಬರುವುದು. ಈ ಶ್ರಮಕ್ಕೆ ಬೇಸತ್ತು ಕೆಲವರು ಕವರಿನ ಕೆಳಭಾಗವನ್ನು ಗರಗಸದಿಂದ ಕತ್ತರಿಸಿಬಿಡುತ್ತಾರಂತೆ. ನಮ್ಮ ಮೇಸ್ತ್ರಿ ಹಾಗೆ ಮಾಡುವವರಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಾಲು ಸುತ್ತು ಬಿಚ್ಚಿ, ಅಷ್ಟೇ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ, ಹಟಮಾರಿ ಮಗುವಿಗೆ ಅನ್ನ ತಿನ್ನಿಸುವಷ್ಟು ತಾಳ್ಮೆಯಿಂದ ಹೊರತೆಗೆದರು.

ಹೊಸ ಕವರನ್ನು ಹುಡುಕಿಕೊಂಡು ಬರುವ ಕೆಲಸ ನನಗೆ ಬಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ. ಬೆಲ್ಟು ಸಿಕ್ಕಿತು, ಆಯಿಲ್ ಸೀಲು ಸಿಕ್ಕಿತು, ಕವರು ಸಿಕ್ಕಲಿಲ್ಲ. ಒಂದು ಅಂಗಡಿಯಲ್ಲಿ ಕೊಟ್ಟ ಕವರು ನೋಡುವುದಕ್ಕೆ ಅವಳಿಯಂತಿದ್ದರೂ ಎರಡು ತೂತುಗಳು ಅರ್ಧ ಬೆರಳಿನಷ್ಟು ಆಚೆಗಿದ್ದವು. ಬರಿಗೈಲಿ ಬಂದಾಗ ಅಪ್ಪ ಒಂದು ಮಾತು ಹೇಳಿದರು: "ಕವರ್ ಇಲ್ಲದೇನೂ ಎಷ್ಟೋ ಕಾರು ಓಡುತ್ತವಂತೆ. ಬಿಟ್ಟುಬಿಡಿ, ಮಂಗಳವಾರ ಅಮ್ಮನ್ನ ಕರ್ಕೊಂಡು ಹೋಗ್ಬೇಕು."

ಮೇಸ್ತ್ರಿ ತಲೆಯೆತ್ತಲಿಲ್ಲ. "ಓಡುತ್ತೆ ಸಾರ್. ಓಡೋದೇ ತೊಂದರೆ. ಓಡದೇ ಇದ್ದಿದ್ರೆ ನೀವೇ ವಾಪಸ್ ತಂದು ಹಾಕಿಸ್ಕೋತಿದ್ರಿ" ಎಂದರು.

ಈ ಮಾತನ್ನು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಸ್ಪಾರ್ಕ್ ಪ್ಲಗ್ಗು ಇಲ್ಲದಿದ್ದರೆ ಕಾರು ಆ ಕ್ಷಣವೇ ದೂರು ಕೊಡುತ್ತದೆ. ಕವರು ಇಲ್ಲದಿದ್ದರೆ ನಾಳೆಯೂ ಓಡುತ್ತದೆ, ಮುಂದಿನ ತಿಂಗಳೂ ಓಡುತ್ತದೆ. ಅದರ ಅಭಾವದ ಫಲ ಬರುವ ಹೊತ್ತಿಗೆ ಬಿಟ್ಟವರು ಯಾರೋ, ಅನುಭವಿಸುವವರು ಯಾರೋ ಆಗಿರುತ್ತಾರೆ.

ಹಳೆಯ ಕವರನ್ನೇ ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಅಂಟು ಹಚ್ಚಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಇದು ಎಣ್ಣೆ ಕುಡಿದಿರೋ ಪ್ಲಾಸ್ಟಿಕ್ಕಪ್ಪ, ಬಿಸಿಗೆ ಅಂಟು ಬಿಟ್ಕೊಳ್ಳುತ್ತೆ. ಬಿಟ್ಟ ಚೂರು ಎಲ್ಲಿ ಬೀಳುತ್ತೆ ಹೇಳು? ಬೆಲ್ಟಿನ ಮೇಲೇ" ಎಂದರು. ಮುರಿದ ಕಿವಿಗೆ ತೆಳುವಾದ ಅಲ್ಯೂಮಿನಿಯಂ ಪಟ್ಟಿಯನ್ನು ಹೊರಗಡೆಯಿಂದ ಕೊಟ್ಟು, ರಿವೆಟ್ಟು ಹೊಡೆದು, ಒಳಗೆ ಚಾಚಿದ ತಲೆಗಳನ್ನು ಅರದಿಂದ ಉಜ್ಜಿದರು. ಕಿತ್ತುಹೋದ ಥ್ರೆಡ್ಡಿನ ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸದಾಗಿ ಟ್ಯಾಪ್ ಹೊಡೆದು, ಅದರೊಳಗೆ ಉಕ್ಕಿನ ಸುರುಳಿಯನ್ನು ಕೂರಿಸಿದರು. ಮೊದಲಿನ ಅಳತೆಯ ಬೋಲ್ಟೇ ಮತ್ತೆ ಹಿಡಿಯಿತು. ಎಣ್ಣೆ ಜಿನುಗುತ್ತಿದ್ದ ಸೀಲನ್ನು ಬದಲಿಸಿದರು. ಎಣ್ಣೆ ತಾಗಿದ ಬೆಲ್ಟನ್ನು ಒರೆಸಿ ಹಾಕುವ ಪದ್ಧತಿ ತಮ್ಮಲ್ಲಿ ಇಲ್ಲವೆಂದು ಹೊಸ ಬೆಲ್ಟು ಹಾಕಿದರು. ಗುರುತುಗಳನ್ನು ಕೂಡಿಸಿ, ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೇ ಎಂದು ನೋಡಿದರು. ಕವರಿನ ಒಳಮೈಗೆ ಸೀಮೆಸುಣ್ಣ ಬಳಿದು, ಹಾಕಿ, ತಿರುಗಿಸಿ, ಮತ್ತೆ ತೆಗೆದರು. ಸುಣ್ಣ ಎಲ್ಲಿಯೂ ಅಳಿಸಿರಲಿಲ್ಲ. ಎಂದರೆ ಬೆಲ್ಟು ಎಲ್ಲಿಯೂ ತಾಗುತ್ತಿರಲಿಲ್ಲ.

ಆಮೇಲೆ ಬೋಲ್ಟುಗಳು. ಮೇಸ್ತ್ರಿಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿದೆ. ತುಂಬ ಬಿಡಿ ಬೋಲ್ಟುಗಳು. ಬೇರೆ ಕಡೆ ಕೆಲಸ ಕಲಿತು ಬಂದ ಹುಡುಗರು ರಿಪೇರಿ ಮುಗಿದ ಮೇಲೆ 'ಮಿಕ್ಕಿತು' ಎಂದು ಹಾಕಿದವಂತೆ. "ಮಿಕ್ಕಿದ ಬೋಲ್ಟು ಅಂತ ಒಂದಿಲ್ಲಪ್ಪ. ಇದರಲ್ಲಿ ಎಷ್ಟಿವೆಯೋ ಅಷ್ಟು ತೂತು ಯಾವುದೋ ಕಾರಲ್ಲಿ ಖಾಲಿ ಇದೆ" ಎಂದು ಅವರು ಹೇಳಿದಾಗ ನಗು ಬಂದಿತು, ಸ್ವಲ್ಪ ಹೊತ್ತಿನ ಮೇಲೆ ನಗು ಬರಲಿಲ್ಲ. ಆ ಡಬ್ಬದಿಂದಲೇ ಅಳತೆ ನೋಡಿ ಆರಿಸಿ, ಹತ್ತನೇ ನಂಬರಿನ ಸ್ಪ್ಯಾನರಿನಿಂದ, ಮೊದಲು ಎಲ್ಲವನ್ನೂ ಕೈಬಿಗಿಗೆ ತಂದು, ಬಳಿಕ ಎದುರುಬದುರಾಗಿ ಹದವಾಗಿ ಬಿಗಿದರು. ಪ್ಲಾಸ್ಟಿಕ್ಕಿಗೆ ಬಲ ತೋರಿಸಬಾರದೆಂಬುದು ಅವರ ಸೂತ್ರ.

ಮಂಗಳವಾರ ಐದೂವರೆಗೆ ಕಾರು ಹೊರಟಿತು. ಶಂಕರಮಠದ ಹತ್ತಿರ ಬರುವಾಗ ಅಜ್ಜಿ, "ಇವತ್ತು ಯಾರ ಕಾರೋ ಇದು?" ಎಂದು ಕೇಳಿದಳು.

"ನಮ್ಮದೇ ಅಜ್ಜಿ."

"ಹೌದೇ? ಗಲಾಟೇನೇ ಇಲ್ಲ" ಎಂದು ಕಣ್ಣು ಮುಚ್ಚಿಕೊಂಡಳು.

ರಸ್ತೆ ಅಗೆದು ಕೇಬಲ್ ಹಾಕಿದವರು ಚಪ್ಪಡಿಯನ್ನು ಓರೆಯಾಗಿ ಬಿಟ್ಟು ಹೋಗುತ್ತಾರೆ. ಕೇಬಲ್ ಕೆಲಸ ಮಾಡುತ್ತದೆ, ಆದ್ದರಿಂದ ಕೆಲಸ ಮುಗಿಯಿತು ಎನ್ನುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ಓದಿದವರು ಅದನ್ನು ಬೇರೊಂದು ಕಪಾಟಿನಲ್ಲಿ ತುರುಕಿ ಹೋಗುತ್ತೇವೆ. ನಮ್ಮ ಓದು ಆಯಿತಲ್ಲ! ಬಿಚ್ಚುವುದರಲ್ಲಿ ಕುತೂಹಲವಿದೆ, ಸರಿಪಡಿಸುವುದರಲ್ಲಿ ಹೆಮ್ಮೆಯಿದೆ. ಮುಚ್ಚುವುದರಲ್ಲಿ ಎರಡೂ ಇಲ್ಲ. ಆದ್ದರಿಂದಲೇ ಒಬ್ಬನ ಕೆಲಸವನ್ನು ಅಳೆಯುವುದಕ್ಕೆ ಅದು ಒಳ್ಳೆಯ ಮಾನದಂಡವೆಂದು ನನಗೆ ತೋರಿದೆ.

ಹಳೆಯ ಕಾರನ್ನು ಇಟ್ಟುಕೊಂಡಿರುವ ಮಿತ್ರರಿಗೂ ಅಧ್ಯಾಪಕರಿಗೂ ನನ್ನದೊಂದು ಸಣ್ಣ ವಿನಂತಿ. ಇಂದು ಸಂಜೆ ಮನೆಗೆ ಹೋದಮೇಲೆ, ಎಂಜಿನ್ನು ಆರಿದ ಬಳಿಕ, ಬಾನೆಟ್ಟನ್ನು ಎತ್ತಿ ಟಾರ್ಚ್ ಹಿಡಿದು ಆ ಕವರಿನ ಸುತ್ತ ಒಮ್ಮೆ ನೋಡಿ. ತೂತುಗಳನ್ನು ಎಣಿಸಿ, ಆಮೇಲೆ ಬೋಲ್ಟುಗಳನ್ನು ಎಣಿಸಿ. ಎರಡು ಲೆಕ್ಕವೂ ಒಂದೇ ಆದರೆ, ಆ ಕಾರನ್ನು ಕೊನೆಯ ಸಲ ಮುಟ್ಟಿದ ಮೇಸ್ತ್ರಿ ಎಲ್ಲಿದ್ದರೂ ಅವರಿಗೊಂದು ನಮಸ್ಕಾರ ಹೇಳಿ.